ಗೋಡೆ ಹತ್ತುವ ಬೆರಳುಗಳು

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪುಣೆಯ ಸದಾಶಿವ ಪೇಠದಲ್ಲಿ, ಹಲವು ಬಿಡಾರಗಳ ನಮ್ಮ ವಾಡೆಗೆ ನಳ ಬಂದು ಬಹಳ ದಿನಗಳಾಗಿದ್ದವು. ಹೆಂಗಸರ ಮಾತು, ಜಗಳ, ನಗು ಎಲ್ಲ ಭಾವಿಕಟ್ಟೆ ಬಿಟ್ಟು ನಳದ ಹತ್ತಿರ ಹೋಗಿದ್ದವು. ಭಾವಿಯಲ್ಲಿ ನೀರು ಸೇದುತ್ತಿದ್ದವರು ಅಂಬಾಬಾಯಿ ಒಬ್ಬರೇ.

ಅವರು ಧಾರವಾಡದ ಕಡೆಯವರು. ಗಂಡ ಇಲ್ಲಿಯ ಒಂದು ಕಚೇರಿಯಲ್ಲಿ ಕಾರಕೂನರಾಗಿದ್ದು ಇನ್‌ಫ್ಲುಯೆಂಜಾ ಬಂದ ವರ್ಷ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ವಿಧವೆಯ ಕೆಂಪು ಸೀರೆ ಉಟ್ಟು, ಮೇಲಿನ ಕೋಣೆಯಲ್ಲಿ ಮಡಿಯಿಂದ ಚಟ್ನಿಪುಡಿ, ಮೆಂತ್ಯೆಹಿಟ್ಟು ಮಾಡಿ ಕನ್ನಡದ ಮನೆಗಳಿಗೆ ಕೊಟ್ಟು ಬದುಕುತ್ತಿದ್ದರು. ನಳದ ಒಳಗೆ ತೊಗಲಿನ ವಾಷರ್ ಇರುತ್ತದೆ. ಆದ್ದರಿಂದ ಆ ನೀರು ಮಡಿಗೆ ಬರುವುದಿಲ್ಲ. ಮಡಿಯ ನೀರನ್ನು ಮಡಿಯಲ್ಲಿದ್ದವರೇ ಸೇದಬೇಕು. ಸೇದುವಾಗ ಬೇರೆಯವರು ಹಗ್ಗ ಮುಟ್ಟಿದರೂ ಕೆಟ್ಟಿತು. ಹೀಗಾಗಿ ಅವರ ಸ್ವತಂತ್ರ ಬದುಕೆಲ್ಲ ಎರಡು ತೋಳುಗಳ ಮೇಲೆ ನಿಂತಿತ್ತು.

ಶ್ರಾವಣದಲ್ಲಿ ಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದು ಬಲಗೈ ಮುರಿಯಿತು. ಮರಾಠಿಯಲ್ಲಿ ಹಾಡವೈದ್ಯ ಎನ್ನುವ ಎಲುಬಿನ ವೈದ್ಯನೊಬ್ಬ ಬಂದು ಎಲುಬು ಕೂಡಿಸಿ ಕಟ್ಟು ಕಟ್ಟಿದ. ಪಕ್ಕದ ವಾಡೆಯ ಇನ್ನೊಬ್ಬ ಮಡಿ ಹೆಂಗಸು ದಿನವೂ ನೀರು ಸೇದಿ ಕೊಡತೊಡಗಿದರು. ಎಲುಬು ಚೆನ್ನಾಗಿಯೇ ಕೂಡಿತು. ಆದರೆ ಅಂಬಾಬಾಯಿ ಹೆದರಿ, ಕಟ್ಟು ಬಿಚ್ಚಿದ ಮೇಲೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೇ ಇದ್ದರು. ಬಳಸದ ಕೀಲು ಬಿಗಿಯುತ್ತದೆ. ನವರಾತ್ರಿಯ ಹೊತ್ತಿಗೆ ಕೈ ಭುಜದ ಮಟ್ಟಕ್ಕಿಂತ ಮೇಲೇಳದಂತಾಯಿತು.

ಅದೇ ಹೊತ್ತಿಗೆ ನೀರು ಸೇದಿ ಕೊಡುತ್ತಿದ್ದವರು, ದೀಪಾವಳಿಯಾದ ಮೇಲೆ ಮಗಳ ಊರಿಗೆ ಹೋಗಿ ಅಲ್ಲೇ ಇರುವುದಾಗಿ ಹೇಳಿದರು. ಸುದ್ದಿ ಅಂಬಾಬಾಯಿಯ ಅಣ್ಣನ ಮಗ ಬಿಂದುಮಾಧವನಿಗೆ ಮುಟ್ಟಿತು. ಅವನು ಊರ ಹೊರಗಿನ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಗುಮಾಸ್ತ. ಒಳ್ಳೆಯವನು, ಕೂಡಲೇ ಬಂದ.

"ಅತ್ಯಾ, ಇನ್ನ ಸಾಕು. ದೀಪಾವಳಿ ಮುಗಿದ ಮರುದಿನ ಟಾಂಗಾ ತರತೀನಿ. ನಮ್ಮ ಕ್ವಾರ್ಟರ್ಸಿಗೆ ನಡೀ."

"ಅಲ್ಲಿ ಭಾವಿ ಅದ ಏನೋ?"

"ಭಾವಿ ಇಲ್ಲ. ನಳ ಅದ. ಲೀಲಾಕ್ಷಿ ಅಡಗಿ ಮಾಡತಾಳ, ನೀ ಆರಾಮ ಕೂತು ಉಣ್ಣು."

ಲೀಲಾಕ್ಷಿ ಅವನ ಹೆಂಡತಿ. ಅಂಬಾಬಾಯಿ ಕೆಳಗಿನ ಭಾವಿಯ ಕಡೆ ನೋಡಿದರು. "ನನ್ನ ಭಾವಿ ನೀರು ನಾನ ಸೇದಿದ್ರ?" ಎಂದರು.

"ಸೇದಿದ್ರ ಇಲ್ಲೇ ಇರು. ನಾ ಒಂದ ಮಾತೂ ಆಡೂದಿಲ್ಲ."

ಮರುದಿನ ಅವರು ಹಾಡವೈದ್ಯನನ್ನು ಮತ್ತೆ ಕರೆಸಿದರು. ಅವನು ತೋಳು ಹಿಡಿದು ನಿಧಾನವಾಗಿ ತಿರುಗಿಸಿ ನೋಡಿದ. ನೋವಿಗೆ ಅವರ ಕಣ್ಣಲ್ಲಿ ನೀರು ಬಂತು. ಅವನು ಕೈ ಬಿಟ್ಟ ಮೇಲೂ ಅವರು ತೋಳನ್ನು ಹಾಗೆಯೇ ಚಾಚಿಕೊಂಡಿದ್ದರು. ಆ ವರ್ಷಗಳಲ್ಲಿ ಅವರನ್ನು ಮುಟ್ಟಿದವನು ಅವನೊಬ್ಬನೇ.

"ಬೆರಳುಗಳನ್ನು ಗೋಡೆ ಹತ್ತಿಸಿ. ಎಲ್ಲಿ ನಿಲ್ಲುತ್ತವೋ ಅಲ್ಲೊಂದು ಗೆರೆ ಎಳೆಯಿರಿ" ಎಂದು ಮರಾಠಿಯಲ್ಲಿ ಹೇಳಿ ಹೋದ.

ಬೆಳಿಗ್ಗೆ ಸಂಜೆ ಅಂಬಾಬಾಯಿ ಗೋಡೆಗೆ ಮುಖಮಾಡಿ ನಿಂತರು. ಬೆರಳುಗಳು ಇರುವೆಯ ಹಾಗೆ ಸುಣ್ಣದ ಗೋಡೆಯನ್ನು ಹತ್ತುತ್ತಿದ್ದವು. ನಿಂತಲ್ಲಿ ಇದ್ದಿಲಿನಿಂದ ಒಂದು ಗೆರೆ. ಮರುದಿನ ಅದರ ಮೇಲೆ ಇನ್ನೊಂದು, ಕೆಲವು ದಿನ ಅದರ ಕೆಳಗೇ. ಜೊತೆಗೆ ಸಣ್ಣ ತಂಬಿಗೆಗೆ ಹಗ್ಗ ಕಟ್ಟಿ ಭಾವಿಗೆ ಬಿಡತೊಡಗಿದರು. ಅಲ್ಲಿದ್ದುದು ಒಂದೇ ರಾಟೆ. ಅಂಥ ರಾಟೆ ಭಾರವನ್ನು ಕಡಿಮೆ ಮಾಡುವುದಿಲ್ಲ, ದಿಕ್ಕನ್ನಷ್ಟೇ ಬದಲಿಸುತ್ತದೆ. ಕೈ ಮೇಲಕ್ಕೆ ಹೋಗಿ ಹಗ್ಗ ಹಿಡಿದರೆ ಮಾತ್ರ ಮೈಯ ತೂಕ ನೆರವಿಗೆ ಬರುತ್ತದೆ.

ವಾಡೆಯ ಒಡತಿ ಗಂಗೂಬಾಯಿ ನಳದ ಬಳಿಯಿಂದ ನಗುತ್ತಿದ್ದಳು. "ಅಹೋ ಅಂಬಾಬಾಯಿ, ಅಷ್ಟು ನೀರಲ್ಲಿ ಗುಬ್ಬಿಗೆ ಸ್ನಾನ ಮಾಡಿಸ್ತೀರಾ?"

"ಹೌದ್ರಿ, ಗುಬ್ಬೀನೂ ಮಡೀನ ಅದ!"

ನಗು ಮುಗಿದ ಮೇಲೆ ಕಟ್ಟೆಯಲ್ಲಿ ರಾಟೆಯ ಕಿರುಗುಟ್ಟುವಿಕೆಯೊಂದೇ ಉಳಿಯುತ್ತಿತ್ತು.

ದೀಪಾವಳಿಯ ಮರುದಿನ ಬೆಳಿಗ್ಗೆ ಬಿಂದುಮಾಧವ ಟಾಂಗಾ ತಂದ. ಅಂಬಾಬಾಯಿ ಮಡಿಯುಟ್ಟು, ತಾಮ್ರದ ದೊಡ್ಡ ಕೊಡವನ್ನು ಭಾವಿಗೆ ಬಿಟ್ಟಿದ್ದರು. ಕೊಡ ತುಂಬಿ ಅರ್ಧದವರೆಗೆ ಬಂತು. ಅಲ್ಲಿ ಬಲಗೈ ಸೋತಿತು. ಹಗ್ಗ ಜಾರಿತು. ಬಿಂದುಮಾಧವ ಓಡಿ ಬಂದು ಕೈ ಚಾಚಿದ.

"ಮುಟ್ಟಬ್ಯಾಡೋ!"

ಅವನು ಹಿಂದೆ ಸರಿದ. ಕೊಡ ಕೆಳಗೆ ನೀರಿಗೆ ಅಪ್ಪಳಿಸಿತು. ಅಂಬಾಬಾಯಿ ಹಗ್ಗವನ್ನು ಕಂಬಕ್ಕೆ ಬಿಗಿದು, ಇನ್ನೊಂದು ಹಗ್ಗದ ತುದಿಗಿದ್ದ ಸಣ್ಣ ತಂಬಿಗೆಯನ್ನು ಎತ್ತಿಕೊಂಡರು. ರಾಟೆಯ ಮೇಲೆ ಹಗ್ಗ ಬದಲಿಸಿದರು. ತಂಬಿಗೆ ಇಳಿಯಿತು, ಏರಿತು. ನೀರನ್ನು ಕಟ್ಟೆಯ ಮೇಲಿದ್ದ ಪಾತ್ರೆಗೆ, ಪಾತೇಲಿಗೆ, ಸುರಿದರು. ಮತ್ತೆ ಇಳಿಯಿತು.

"ಅತ್ಯಾ, ಹಿಂಗ ಎಷ್ಟ ಸಲ ಸೇದತಿ?"

"ತುಂಬೂತನಕ. ಕೊಡ ದೊಡ್ಡದ ಇರಬೇಕಂತ ಯಾವ ಶಾಸ್ತ್ರದಾಗ ಅದ?"

ಪಾತೇಲಿ ತುಂಬುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಇಳಿದಿತ್ತು. ಟಾಂಗಾದವನು ಬೇಸತ್ತು ಎರಡು ಸಲ ಕೂಗಿದ. ಗಂಗೂಬಾಯಿ ಈ ಸಲ ನಗಲಿಲ್ಲ. ಕೊಟ್ಟ ಮಾತಿನಂತೆ ಬಿಂದುಮಾಧವ ಒಂದು ಮಾತೂ ಆಡಲಿಲ್ಲ. ದೂರದಿಂದಲೇ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದ. ಆಶೀರ್ವಾದಕ್ಕೆ ಎತ್ತಿದ ಬಲಗೈ ಅವರ ತಲೆಗಿಂತ ಮೇಲೆ ಹೋಗಿತ್ತು. ಮಡಿಯಲ್ಲಿ ಅವನ ತಲೆ ಮುಟ್ಟುವಂತಿರಲಿಲ್ಲ.

ಅವನು ಟಾಂಗಾ ಹತ್ತಿದಾಗ ಅವರು ಪಾತೇಲಿಯನ್ನು ಸೊಂಟಕ್ಕಿಟ್ಟುಕೊಂಡು ಬಾಗಿಲವರೆಗೆ ಬಂದರು.

"ಬಿಂದ್ಯಾ, ಮುಂದಿನ ಸಲ ಸಂಜೀಮುಂದ ಬಾ" ಎಂದರು. "ಆಗ ಮಡಿ ಇರೂದಿಲ್ಲ."