ರೇಣುಕಾಳ ಓದು

ಶಿಕ್ಷಕರಿಗೆಂದು ನಡೆದ ವಿಡಿಯೊ ಎಡಿಟಿಂಗ್ ತರಬೇತಿ ಮುಗಿಸಿದ ಹುಮ್ಮಸ್ಸಿನಲ್ಲಿ, ಪುಣೆಯ ನಮ್ಮ ಕನ್ನಡ ಶಾಲೆಯ ಐದನೇ ತರಗತಿಯ ರೇಣುಕಾ ಪಾಠ ಓದುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಅವಳಿಗೆ ಮಾತು ತೊದಲುತ್ತದೆ. ಆದರೂ ಓದಲು ದಿನವೂ ಮೊದಲು ಕೈ ಎತ್ತುವವಳು ಅವಳೇ. ಅವಳು ತಡವರಿಸಿದ ಕಡೆಯೆಲ್ಲ ಕತ್ತರಿಸಿ, ಮರುದಿನ ತರಗತಿಯ ಪರದೆಯ ಮೇಲೆ ಹಾಕಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ರೇಣುಕಾ ತಟ್ಟಲಿಲ್ಲ.

"ಯಾಕವ್ವಾ, ಚಲೋ ಬಂದಿಲ್ಲೇನು?" ಎಂದೆ.

"ಭಾಳ ಚಲೋ ಬಂದದ್ರಿ ಟೀಚರ್. ಆದ್ರ ನಾ... ನಾ ಹಂಗ ಓದಿಲ್ಲಲ್ರಿ. ನನ್ನ ಓದು ನಿಮಗ ನಾಚಿಕಿ ಅನಸ್ತೇನ್ರಿ?"

ಅಲ್ಲೇ ವಿಡಿಯೊ ಅಳಿಸಿ, ತಪ್ಪಾಯಿತು ಎಂದೆ. ಅವಳು ನಕ್ಕಳು. ಆದರೆ ಅಂದಿನಿಂದ ಕೈ ಎತ್ತಿಲ್ಲ.

ತರಬೇತಿಯವರಿಗೆ ಒಂದು ಪ್ರತಿ ಮೊದಲೇ ಕಳಿಸಿಬಿಟ್ಟಿದ್ದೆ. ಅವರು ಅದನ್ನೀಗ ಹೊಸ ಶಿಕ್ಷಕರಿಗೆ ಮಾದರಿ ಎಂದು ತೋರಿಸುತ್ತಾರಂತೆ.