ಹೋಗ್ತೇನಿ ಅಂದವರು

ಬೀದರಿನಲ್ಲಿ ಬುಧವಾರಕ್ಕೊಮ್ಮೆ ನಾನು ನಡೆಸುತ್ತಿದ್ದ ಗುಂಪಿಗೆ ಔರಾದದಿಂದ ಒಬ್ಬ ನಿವೃತ್ತ ಕಂಡಕ್ಟರು ಬರುತ್ತಿದ್ದರು. ಮನಸ್ಸು ಕುಗ್ಗಿದ ಹಿರಿಯರು ದುಂಡಗೆ ಕುಳಿತು ಮಾತಾಡಿಕೊಳ್ಳುವ ಗುಂಪು ಅದು. "ಗುಳಿಗಿ ಕೊಡಂಗಿಲ್ಲೇನ್ರಿ?" ಎಂದು ಮೊದಲ ದಿನವೇ ಕೇಳಿದ್ದರು. ಇಲ್ಲ ಎಂದಾಗ ಬಾಗಿಲ ಪಕ್ಕದ ಕುರ್ಚಿ ಹಿಡಿದವರು ಅದನ್ನು ಮತ್ತೆ ಬಿಡಲಿಲ್ಲ.

ಯಾರಾದರೂ ಮಾತಿನ ನಡುವೆ ತಡವರಿಸಿದರೆ, "ಸಾವಕಾಶ ಇಳೀರಿ, ಗಾಡಿ ನಿಂತದ" ಎನ್ನುತ್ತಿದ್ದರು. ತಮ್ಮ ಸರದಿ ಬಂದಾಗ ಮಾತ್ರ "ಆರಾಮ ಅದೀನ್ರಿ" ಎಂದು ಅಷ್ಟಕ್ಕೇ ಮುಗಿಸುತ್ತಿದ್ದರು. ನಾನೂ ಪೆದ್ದನ ಹಾಗೆ ನೋಟ್‌ಬುಕ್ಕಿನಲ್ಲಿ 'ಸುಧಾರಣೆ' ಎಂದು ಬರೆದುಕೊಳ್ಳುತ್ತಿದ್ದೆ.

ಹೊರಡುವಾಗ ಎಲ್ಲರಂತೆ ಅವರೂ "ಬರ್ತೇನ್ರಿ" ಅನ್ನುವವರು. ಒಂದು ಬುಧವಾರ ಚಪ್ಪಲಿ ಮೆಟ್ಟಿಕೊಂಡು, "ಹೋಗ್ತೇನ್ರಿ" ಎಂದರು. ನಮ್ಮ ಕಡೆ ಮರಳಿ ಬರುವವರು ಆ ಮಾತು ಆಡುವುದಿಲ್ಲ. ಬಾಯಿತಪ್ಪಿ ಬಂದಿರಬೇಕು ಎಂದುಕೊಂಡು ಕುರ್ಚಿಗಳನ್ನು ಮಡಚತೊಡಗಿದೆ. ನಾಲ್ಕನೆಯದು ಬಾಗಿಲ ಪಕ್ಕದ ಅವರ ಕುರ್ಚಿ. ಎಲ್ಲವನ್ನೂ ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ.

ಔರಾದದ ಬಸ್ಸು ಹೊರಡುವುದರಲ್ಲಿತ್ತು. ಅವರು ಕಿಟಕಿಯ ಬಳಿ ಕುಳಿತಿದ್ದರು.

"ನೀವು ಹೋಗ್ತೇನಿ ಅಂದ್ರಿ," ಎಂದೆ, ಏದುಸಿರು ಬಿಡುತ್ತ.

ಅವರು ಕಿಟಕಿಯ ಸರಳು ಹಿಡಿದು ನನ್ನತ್ತ ಬಾಗಿದರು. "ಯಾರಿಗರ ಕೇಳಸ್ತದೇನು ಅಂತ ಅಂದೆನ್ರಿ."

ಡ್ರೈವರು ಇಂಜಿನ್ ಚಾಲೂ ಮಾಡಿದ. ಅವರು ಎದ್ದು ಬಂದರು. ಮೆಟ್ಟಿಲ ಮೇಲೆ ಕಾಲು ತಡವರಿಸಿತು. ನಾನು ಬಾಗಿಲ ಬಳಿ ನಿಂತು ಕೈ ಚಾಚಿ, ಅವರ ಮಾತನ್ನೇ ಅವರಿಗೆ ಹೇಳಿದೆ:

"ಸಾವಕಾಶ ಇಳೀರಿ. ಗಾಡಿ ನಿಂತದ."