ಕಸದ ಗಾಡಿಯ ರಾಗ

ಆ ರಾಗ ಹುಟ್ಟಿದ್ದು ನನ್ನ ಅಕ್ಕನ ಮಂಚದ ಪಕ್ಕದಲ್ಲಿ. ಅವಳ ಕಿಡ್ನಿ ಕೆಟ್ಟು, ಡಯಾಲಿಸಿಸ್‌ಗೆಂದು ನಮ್ಮ ಹಳ್ಳಿಯಿಂದ ತಿಪಟೂರಿಗೆ ಹೋಗಿಬರುತ್ತಿದ್ದ ಕಾಲ. ಹೋಗಿಬಂದ ದಿನ ಅವಳಿಗೆ ನಿದ್ದೆಯೂ ಬರುತ್ತಿರಲಿಲ್ಲ, ಎದ್ದು ಕೂರಲೂ ಆಗುತ್ತಿರಲಿಲ್ಲ. ನಾನು ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಬಂದದ್ದನ್ನು ಹಾಡುತ್ತಿದ್ದೆ. ಹಿತ್ತಲಲ್ಲಿ ಕಾಯಿ ಸುಲಿಯುವ ಸದ್ದು ಕೇಳಿದರೆ ಅಕ್ಕ ಅದಕ್ಕೂ ಬೆರಳಲ್ಲಿ ತಾಳ ಹಾಕುತ್ತಿದ್ದಳು.

"ಎರಡನೇ ಸಾಲು ಬಲೇ ಎಳೀತೀಯ ಕಣೇ. ಬೇಗ ಬುಟ್ಬುಡು, ಆಗ ಚೆನ್ನಾಗಿರ್ತದೆ," ಅಂದಳು ಒಂದು ಮಧ್ಯಾಹ್ನ.

ಹಾಗೇ ಮಾಡಿದೆ. ಹಾಡು ತನ್ನ ಕಾಲ ಮೇಲೆ ತಾನು ನಿಂತಿತು. 'ಬಾಗಿಲು ಹಾಕಬೇಡ, ಬಿಸಿಲು ಬರಲಿ ಒಳಗೆ' ಎಂದು ಅದರ ಮೊದಲ ಸಾಲು.

ಅಕ್ಕ ಆ ಬೇಸಿಗೆ ದಾಟಲಿಲ್ಲ.

ಆಮೇಲೆ ನನಗೆ ಹಾಡು ಕಟ್ಟುವುದೊಂದು ಬಿಟ್ಟು ಬೇರೇನೂ ಬೇಡವಾಯಿತು. ತಿಪಟೂರಿನಲ್ಲಿ ಮದುವೆ ವಿಡಿಯೊ ಮಾಡುವ ಸ್ಟುಡಿಯೊದವರೊಬ್ಬರು ನನ್ನ ಹಾಡುಗಳನ್ನು ರೆಕಾರ್ಡ್ ಮಾಡಿಕೊಟ್ಟರು. ಒಳ್ಳೆಯ ಮನುಷ್ಯ. ಅಕ್ಕನ ಹಾಡನ್ನು ಹೆಡ್‌ಫೋನಿನಲ್ಲಿ ಇನ್ನೊಂದು ಸಲ ಹಾಕಿಕೊಂಡು ಕೇಳಿದರು. ಯೂಟ್ಯೂಬಿಗೆ ಹಾಕಿದೆವು. ನೆಂಟರು, ಜೊತೆಗೆ ಓದಿದವರು ಕೇಳಿದರು. ಅಲ್ಲಿಗೆ ಮುಗಿಯಿತು. ಹೊಟ್ಟೆಪಾಡಿಗೆ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಹಾಡುತ್ತಿದ್ದೆ. ನಡುವೆ ನನ್ನದೊಂದು ಹಾಡು ಅಂದರೆ ಸಾಕು, ಊಟದ ಮನೆ ಕಡೆ ಹೊರಟವರ ಕುರ್ಚಿಗಳು ಸರಿಯುವ ಸದ್ದಾಗುತ್ತಿತ್ತು.

ಹೀಗಿರುವಾಗ ಸ್ಟುಡಿಯೊದವರು ಫೋನ್ ಮಾಡಿದರು. "ನಗರಸಭೆ, ಪಂಚಾಯ್ತಿಯವ್ರಿಗೆ ಕಸದ ಗಾಡಿಗೊಂದು ಹಾಡು ಬೇಕಂತೆ ಕಣಮ್ಮ. ನಿನ್ನ ಬಾಗಿಲು ಹಾಡಿನ ಟ್ಯೂನು ಅದಕ್ಕೇ ಹೇಳಿ ಮಾಡಿಸ್ದಂಗಿದೆ. ಮಾತು ಬದಲಾಯಿಸಿದ್ರೆ ಆಯ್ತು. ಊರೂರಲ್ಲಿ ನಿನ್ನ ದನಿ ಕೇಳುತ್ತೆ ನೋಡು."

ಊರೂರಲ್ಲಿ ನನ್ನ ದನಿ! ಕುಣಿದಾಡಿಬಿಟ್ಟೆ. 'ಬಾಗಿಲು ತೆಗೆಯಮ್ಮ, ಬಂತು ಕಸದ ಗಾಡಿ, ಹಸಿ ಕಸ ಬೇರೆ, ಒಣ ಕಸ ಬೇರೆ' ಎಂದು ಬರೆದೆ. ಒಂದೇ ಟೇಕಿನಲ್ಲಿ ಹಾಡಿ ಮುಗಿಸಿದೆ.

ಅವರು ಹೇಳಿದ್ದು ಸುಳ್ಳಾಗಲಿಲ್ಲ. ತಿಪಟೂರಿನ ಗಲ್ಲಿಗಳಲ್ಲಿ, ತುರುವೇಕೆರೆ ರಸ್ತೆಯ ಹಳ್ಳಿಗಳಲ್ಲಿ ಬೆಳಿಗ್ಗೆಯಾದರೆ ನನ್ನದೇ ದನಿ. ಅಂಗಡಿಯವರು ಗುರುತು ಹಿಡಿದರು, ಮಕ್ಕಳು ನನ್ನೆದುರೇ ಹಾಡಿದರು. ಮೊದಮೊದಲು ಹಿಗ್ಗಿದೆ.

ಆ ಹಾಡಿನಿಂದ ಬಂದ ಹೆಸರಿನ ಮೇಲೆ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ಕರೆದರು. ನನ್ನದೇ ಹಾಡುಗಳು, ನಾನೊಬ್ಬಳೇ. ಅಂಥ ವೇದಿಕೆ ಅದೇ ಮೊದಲು. ಅಮ್ಮನನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಅಕ್ಕನ ಹಾಡಿನಿಂದಲೇ ಶುರು ಮಾಡಿದೆ. 'ಬಾಗಿಲು ಹಾಕಬೇಡ' ಅನ್ನುತ್ತಿದ್ದ ಹಾಗೆ ಹಿಂದಿನಿಂದ ನಗು ಎದ್ದಿತು. "ಕಸ ಬಂತು ಕಣ್ರಲಾ!" ಎಂದು ಯಾರೋ ಕೂಗಿದರು. ನನ್ನ ಮಾತುಗಳನ್ನು ಮುಳುಗಿಸಿ ಇಡೀ ಸಭೆ ಹಸಿ ಕಸ, ಒಣ ಕಸ ಎಂದು ಹಾಡಿತು. ಒಬ್ಬ ಹುಡುಗ ಪ್ಲಾಸ್ಟಿಕ್ ಬಕೆಟ್ ತಂದು ನನ್ನ ಕಾಲ ಬಳಿ ಇಟ್ಟು ಕೈಮುಗಿದ. ಅವರಲ್ಲಿ ಕೇಡೇನೂ ಇರಲಿಲ್ಲ, ಖುಷಿಯಾಗಿದ್ದರು ಅಷ್ಟೇ. ಕೊನೆಗೆ ನಾನೂ ಅವರ ಮಾತುಗಳನ್ನೇ ಹಾಡಿದೆ. ಚಪ್ಪಾಳೆ ನಿಲ್ಲಲೇ ಇಲ್ಲ.

ಬಸ್ಸಿನಲ್ಲಿ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಮನೆ ಹತ್ತಿರವಾದಾಗ ಹೇಳಿದಳು: "ದಿನಾ ಗಾಡಿ ಬಂದಾಗ ನಿಮ್ಮಕ್ಕನೇ ಮನೆ ಒಳಗಿಂದ ಕೂಗ್ದಂಗಾಗ್ತದೆ ಕಣೇ. ನಿಂಗೆ ಹೆಂಗೆ ಹೇಳ್ಲಿ ಅಂತ ಸುಮ್ಕಿದ್ದೆ."

ಮಾರನೆಯ ದಿನ ಗಾಡಿಗೆ ಅಡ್ಡ ನಿಂತು, ನಮ್ಮ ಮನೆಯ ಮುಂದಾದರೂ ಸೌಂಡ್ ಕಮ್ಮಿ ಮಾಡಿ ಎಂದು ಡ್ರೈವರನ್ನು ಕೇಳಿಕೊಂಡೆ.

"ಕಮ್ಮಿ ಮಾಡಿದ್ರೆ ಜನ ಆಚೆಗೇ ಬರಲ್ಲ ಕಣಕ್ಕ," ಎಂದು ನಕ್ಕ. "ನಿಮ್ಮ ಹಾಡೇ ಅಲ್ವಾ? ಹೆಮ್ಮೆ ಪಡ್ಬೇಕು."

ಈ ಸಲ ಹಿರಿಯರ ಹಬ್ಬದಲ್ಲಿ ಅಕ್ಕನ ಫೋಟೊಗೆ ಹೂವು ಮುಡಿಸಿ, ಎಡೆ ಇಟ್ಟು, "ಅವಳ ಹಾಡು ಒಂದ್ಸಲ ಹೇಳು" ಅಂದಳು ಅಮ್ಮ. ಮೊದಲ ಸಾಲು ಬಂತು. ಅದರ ಮುಂದಿನ ಸಾಲು ಬರಲಿಲ್ಲ. ಎಷ್ಟು ತಡಕಾಡಿದರೂ ನಾಲಿಗೆಗೆ ಬಂದದ್ದು ಹಸಿ ಕಸವೇ. ಫೋನಿನಲ್ಲಿ ಹಳೆಯ ರೆಕಾರ್ಡಿಂಗ್ ಇತ್ತು, ಹಾಕಿದೆ. ಅಮ್ಮ ಅರ್ಧಕ್ಕೇ "ಸಾಕು, ನಿಲ್ಸು" ಅಂದಳು. ನನಗೂ ಅದು ಬೇರೆ ಯಾರೋ ಹಾಡಿದಂತೆ ಕೇಳುತ್ತಿತ್ತು.

ಅಲ್ಲಿಂದೀಚೆಗೆ ಹೊಸ ಹಾಡು ಒಂದೂ ಹುಟ್ಟಿಲ್ಲ. ಕೀಬೋರ್ಡ್ ಮುಂದೆ ಕೂತರೆ ಬೆರಳು ಆ ದಾರಿಗೇ ಇಳಿಯುತ್ತದೆ. ಹೋದ ವಾರ ಸ್ಟುಡಿಯೊದವರು ಮತ್ತೆ ಫೋನ್ ಮಾಡಿದ್ದರು. ಸೊಳ್ಳೆ, ಡೆಂಗಿ ಬಗ್ಗೆ ಒಂದು ಹಾಡು ಬೇಕಂತೆ. "ನಿನ್ನತ್ರ ಇರೋ ಯಾವ ಟ್ಯೂನಾದ್ರೂ ಪರವಾಗಿಲ್ಲಮ್ಮ," ಅಂದರು.

ಉಳಿದ ಹಳೆಯ ರಾಗಗಳನ್ನು ಇಟ್ಟುಕೊಂಡು ಏನು ಮಾಡಲಿ? "ಸೋಮವಾರ ಬತ್ತೀನಿ ಸಾರ್," ಅಂದೆ.